ನೋಡುತ್ತ ನಿಂತ ಮಗು ಯಾವ ಪುಟದಲ್ಲಿದೆ?

ಶಾಲಾ ಗ್ರಂಥಾಲಯಗಳಿಗೂ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿಗೂ (ಪಂಚಾಯಿತಿ ಗ್ರಂಥಾಲಯಗಳಿಗೂ) ಮಕ್ಕಳ ಪುಸ್ತಕ ಆರಿಸುವ ಸಮಿತಿಗಳ ಮಾನ್ಯ ಅಧ್ಯಕ್ಷರು ಹಾಗೂ ಸದಸ್ಯರಿಗೆ,

ಸವಿನಯ ನಮಸ್ಕಾರಗಳು.

ವಿಷಯ: ಒಂದರಿಂದ ಐದನೇ ತರಗತಿಯ ಮಕ್ಕಳಿಗೆ, ಸಹಪಾಠಿಗಳ ಕಾಟದ ಕುರಿತ ಚಿತ್ರಪುಸ್ತಕಗಳ ಆಯ್ಕೆ.

ಮಾನ್ಯರೇ,

ಮಕ್ಕಳೇ ಮಕ್ಕಳಿಗೆ ಕೊಡುವ ಕಾಟದ ಬಗ್ಗೆ ನಮ್ಮ ಶಾಲೆಗಳ ಕಪಾಟಿನಲ್ಲಿ ಸಿಗುವ ಚಿತ್ರಪುಸ್ತಕಗಳು ಹೆಚ್ಚುಕಮ್ಮಿ ಒಂದೇ ಜಾಡು ಹಿಡಿದಿರುತ್ತವೆ. ದೊಡ್ಡ ಪ್ರಾಣಿಯೊಂದು ಸಣ್ಣ ಪ್ರಾಣಿಯನ್ನು ಗೋಳು ಹೊಯ್ದುಕೊಳ್ಳುತ್ತದೆ. ಸಣ್ಣದು ಅಮ್ಮನ ಹತ್ತಿರ ಹೋಗಿ ಅಳುತ್ತದೆ. ಅಮ್ಮ 'ನೀನು ಒಳ್ಳೆಯವನಾಗಿರು ಕಂದ' ಅನ್ನುತ್ತಾಳೆ. ಅಷ್ಟರಲ್ಲಿ ದೊಡ್ಡದು ಹಳ್ಳಕ್ಕೋ ಬಲೆಗೋ ಬೀಳುತ್ತದೆ, ಸಣ್ಣದೇ ಬಂದು ಬಿಡಿಸುತ್ತದೆ, ದೊಡ್ಡದು ಕಣ್ಣೀರು ಹಾಕುತ್ತದೆ. ಕೊನೆಯ ಪುಟದಲ್ಲಿ ಚೌಕ ಹಾಕಿ, ಒಳಗೆ 'ನೀತಿ'.

ಆಯ್ಕೆಯ ಮೇಜಿನ ಮೇಲೆ ಇಂಥ ಪುಸ್ತಕ ಸಲೀಸಾಗಿ ಪಾಸಾಗುತ್ತದೆ. ಕಾಗುಣಿತ ಸರಿಯಿದೆ, ಬಣ್ಣ ಚೆನ್ನಾಗಿದೆ, ಯಾರ ಮನಸ್ಸನ್ನೂ ನೋಯಿಸುವುದಿಲ್ಲ, ನೀತಿ ಇದೆ. ತರಗತಿಗೆ ಹೋದ ಮೇಲೆ ಮಾತ್ರ ಅದರಿಂದ ಯಾವ ಉಪಯೋಗವೂ ಆಗುವುದಿಲ್ಲ. ಯಾಕೆ ಆಗುವುದಿಲ್ಲ, ಎಂಥದ್ದರಿಂದ ಆಗುತ್ತದೆ ಅನ್ನುವುದನ್ನು ತಮ್ಮ ಮುಂದಿಟ್ಟು, ಮುಂದಿನ ಖರೀದಿಗೆ ಮೊದಲು ಅಂಕ ಕೊಡುವ ನಮೂನೆಯಲ್ಲಿ ಕೆಲವು ಬದಲಾವಣೆ ಕೇಳುವುದಕ್ಕೆ ಈ ಪತ್ರ.

ಮೊದಲನೆಯ ತೊಂದರೆ ಆ ಹಳ್ಳದ್ದೇ. ಶಾಲೆಯಲ್ಲಿ ಕಾಟ ಕೊಡುವ ಹುಡುಗ ಹಳ್ಳಕ್ಕೆ ಬೀಳುವುದಿಲ್ಲ. ಅವನು ತರಗತಿಯಲ್ಲಿ ಚುರುಕಾಗಿರಬಹುದು, ಮಾನಿಟರ್ ಆಗಿರಬಹುದು, ಕಬಡ್ಡಿ ತಂಡದ ನಾಯಕನಾಗಿರಬಹುದು. ದಿನಾ 'ಡುಮ್ಮಿ' ಅನ್ನಿಸಿಕೊಳ್ಳುವ ಮಗು ಈ ಕಥೆಯಿಂದ ಕಲಿಯುವುದು ಇಷ್ಟು: ಕಾಟ ಕೊಡುವವನಿಗೆ ನಾನು ಯಾವತ್ತಾದರೂ ಉಪಯೋಗಕ್ಕೆ ಬಂದರೆ ನನ್ನನ್ನು ಬಿಟ್ಟಾರು. ಮರ್ಯಾದೆಯನ್ನು ದುಡಿದು ಗಳಿಸಬೇಕು ಅಂತ ಏಳು ವರ್ಷದ ಮಗುವಿಗೆ ಹೇಳಿಕೊಡುವ ಪುಸ್ತಕವನ್ನು ಸರ್ಕಾರದ ದುಡ್ಡಿನಲ್ಲಿ ಕೊಳ್ಳಬೇಕೆ?

ಎರಡನೆಯದು ಮಾತಿನ ಗೋಜಲು. ಸುತ್ತೋಲೆಗಳಲ್ಲಿ 'ಪೀಡನೆ', 'ಕಿರುಕುಳ' ಅಂತ ಇರುತ್ತದೆ. ಮಕ್ಕಳ ಬಾಯಲ್ಲಿ ಆ ಶಬ್ದಗಳಿಲ್ಲ. 'ಟೀಚರ್, ಇವ್ನು ರೇಗಿಸ್ತಾನೆ', 'ಆಟಕ್ಕೆ ಸೇರಿಸ್ಕೊಳ್ಳಲ್ಲ', 'ಎಲ್ಲಾರೂ ಟೂ ಬಿಟ್ಟಿದಾರೆ' ಎಂದೇ ಅವು ಹೇಳುವುದು. ಕೀಟಲೆ, ಜಗಳ, ಕಾಟ ಮೂರೂ ಬೇರೆ ಬೇರೆ. ಕೀಟಲೆಯಲ್ಲಿ ಇಬ್ಬರೂ ನಗುತ್ತಾರೆ. ಜಗಳದಲ್ಲಿ ಇಬ್ಬರಿಗೂ ಸಿಟ್ಟು ಬರುತ್ತದೆ, ಇಬ್ಬರ ಕೈಲೂ ಕಸುವಿರುತ್ತದೆ. ಕಾಟ ಎಂದರೆ ಏನು ಅನ್ನುವುದಕ್ಕೆ ನಾರ್ವೆಯಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯುಸ್ ಮೂರು ಗುರುತು ಕೊಟ್ಟಿದ್ದಾರೆ: ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ತಿರುಗಿ ನಿಲ್ಲಲಾಗದವರನ್ನೇ ಹುಡುಕಿ ನೋಯಿಸುವುದು. ಪುಸ್ತಕದಲ್ಲಿ ಒಂದೇ ಸಲ ತಳ್ಳಿದ, ಒಂದೇ ಸಲ ನಕ್ಕ ಎಂದಿದ್ದರೆ ಅದು ಕಾಟದ ಕಥೆಯಲ್ಲ, ಜಗಳದ ಕಥೆ. ಎರಡಕ್ಕೂ ಮದ್ದು ಬೇರೆ. ಜಗಳಕ್ಕೆ ಇಬ್ಬರನ್ನೂ ಕೂರಿಸಿ ರಾಜಿ ಮಾಡಬಹುದು. ಕಾಟಕ್ಕೆ ಅದನ್ನೇ ಮಾಡಿದರೆ, 'ಕೈ ಕೊಡಿ, ಫ್ರೆಂಡ್ಸ್ ಆಗಿ' ಅಂದರೆ, ನೊಂದ ಮಗು ಎಲ್ಲರೆದುರು ಇನ್ನೊಂದು ಸಲ ಸೋತಂತೆ. ಆ ಸಂಜೆ ಗೇಟಿನ ಹೊರಗೆ ಅದಕ್ಕೆ ಬಡ್ಡಿ ಸಮೇತ ಸಿಗುತ್ತದೆ.

ಮೂರನೆಯದೇ ನಮ್ಮ ಮುಖ್ಯ ತಕರಾರು. ಈ ಪುಸ್ತಕಗಳಲ್ಲಿ ಇಬ್ಬರೇ ಇರುತ್ತಾರೆ, ಹೊಡೆಯುವವನು ಮತ್ತು ಹೊಡೆತ ತಿನ್ನುವವನು. ಮೂವತ್ತು ಮಕ್ಕಳ ತರಗತಿಯಲ್ಲಿ ಉಳಿದ ಇಪ್ಪತ್ತೆಂಟು ಮಂದಿ ಇರುತ್ತಾರಲ್ಲ, ಅವರೆಲ್ಲಿ? ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು 1996ರಲ್ಲೇ ಇದನ್ನು ಬಿಡಿಸಿ ತೋರಿಸಿದರು. ಕಾಟ ಕೊಡುವವನ ಜೊತೆ ಕೈಗೂಡಿಸುವವರು, ಪಕ್ಕದಲ್ಲಿ ನಕ್ಕು ಹುರಿದುಂಬಿಸುವವರು, ಕಂಡೂ ಕಾಣದಂತೆ ಹೋಗುವವರು, ನೊಂದವರ ಪರ ನಿಲ್ಲುವವರು ಹೀಗೆ ಇಡೀ ತರಗತಿಯೇ ಅದರಲ್ಲಿ ಪಾಲುದಾರ. ಶಾಲೆಗಳಲ್ಲಿ ಕಾಟ ತಡೆಯುವ ಆ ದೇಶದ 'ಕಿವಾ' ಕಾರ್ಯಕ್ರಮ ನಿಂತಿರುವುದು ಈ ನೋಡುವವರನ್ನು ಬದಲಿಸುವುದರ ಮೇಲೆ. ಕೆನಡಾದ ಟೊರಾಂಟೊದಲ್ಲಿ ಶಾಲೆಯ ಆಟದ ಮೈದಾನವನ್ನು ಕ್ಯಾಮೆರಾದಲ್ಲಿ ಹಿಡಿದು ನೋಡಿದ, 2001ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನೂರಕ್ಕೆ 88 ಪ್ರಸಂಗಗಳಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ಯಾರಾದರೂ ನಡುವೆ ಬಂದದ್ದು 19ರಲ್ಲಿ ಮಾತ್ರ. ಆದರೆ ಹಾಗೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ, ಶೇ. 57ರಷ್ಟು, ಹತ್ತು ಸೆಕೆಂಡಿನೊಳಗೆ ಕಾಟ ನಿಂತುಹೋಯಿತು. ಅಂದಮೇಲೆ ಪುಸ್ತಕ ಮುಖ್ಯವಾಗಿ ಯಾರಿಗಾಗಿ ಇರಬೇಕು? ನೋಡುತ್ತ ನಿಂತ ಮಗುವಿಗಾಗಿ.

ಇದು ಚಿತ್ರಪುಸ್ತಕ ಚೆನ್ನಾಗಿ ಮಾಡಬಲ್ಲ ಕೆಲಸವೂ ಹೌದು, ಯಾಕೆಂದರೆ ಮಾತು ಒಂದು ಹೇಳುವಾಗ ಚಿತ್ರ ಇನ್ನೊಂದನ್ನು ತೋರಿಸಬಲ್ಲದು. ಹೀಗೊಂದು ಜೋಡಿಪುಟ, ಅಂದರೆ ಪುಸ್ತಕ ಬಿಡಿಸಿದಾಗ ಎದುರುಬದುರು ಕಾಣುವ ಎರಡು ಪುಟ, ಊಹಿಸಿಕೊಳ್ಳಿ. ಮಧ್ಯಾಹ್ನದ ಬಿಸಿಯೂಟ. ಮಕ್ಕಳು ವರಾಂಡದಲ್ಲಿ ಎರಡು ಸಾಲು ಕೂತಿದ್ದಾರೆ. ಅಕ್ಷರದಲ್ಲಿ ಇರುವುದು ಇಷ್ಟೇ: 'ಇವತ್ತು ಅನ್ನ, ಸಾಂಬಾರು.' ಚಿತ್ರದಲ್ಲಿ, ಸಾಲಿನ ತುದಿಯಲ್ಲಿ ಒಂದು ತಟ್ಟೆ ಮಿಕ್ಕವಕ್ಕಿಂತ ಒಂದು ಮೊಳ ದೂರ. ತಟ್ಟೆಯ ಹಿಂದಿನ ಹುಡುಗಿ ಎರಡೂ ಮೊಣಕಾಲು ಒತ್ತಿಕೊಂಡು ಕೂತಿದ್ದಾಳೆ. ಪಕ್ಕದ ಇಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಾರೆ. ಎದುರು ಸಾಲಿನ ಒಬ್ಬ ಹುಡುಗ ತುತ್ತು ಎತ್ತಿದವನು ಹಾಗೇ ನಿಲ್ಲಿಸಿ ಆ ತಟ್ಟೆಯನ್ನೇ ನೋಡುತ್ತಿದ್ದಾನೆ. ಆ ಅರ್ಧಕ್ಕೆ ನಿಂತ ತುತ್ತೇ ಇಡೀ ಪುಸ್ತಕದ ತಿರುವು. ಪುಟ ತಿರುಗಿಸಿದರೆ ಅವನ ತಟ್ಟೆ ಅವಳ ತಟ್ಟೆಯ ಪಕ್ಕಕ್ಕೆ ಬಂದಿದೆ. ಮಾತೇ ಇಲ್ಲ. ಜಾತಿ, ಬಣ್ಣ, ಗುಳೆ ಬಂದವರ ಭಾಷೆ, ತೊದಲು, ದಪ್ಪ ಕನ್ನಡಕ, ದೂರ ಸರಿಸುವುದಕ್ಕೆ ನೆಪ ಯಾವುದೇ ಇರಲಿ, ಓದುವ ಮಕ್ಕಳಿಗೆ ಅದು ತಮ್ಮ ಶಾಲೆಯದ್ದೇ ಎಂದು ತಕ್ಷಣ ಗೊತ್ತಾಗುತ್ತದೆ. ಲಾಕರ್, ಹಳದಿ ಬಸ್ಸು, ಕೆಫೆಟೇರಿಯಾ ಇರುವ ಅನುವಾದದಲ್ಲಿ ಹಾಗೆ ಗೊತ್ತಾಗುವುದಿಲ್ಲ. ಅಲ್ಲಿ ಏನೇ ಆದರೂ ಅದು 'ಅವರ ಕಡೆ' ಆಗುವ ಸಂಗತಿ.

ಇಂಥ ತಿರುವಿಗೆ ಜಾಗ ಬೇಕು, ಅದನ್ನು ಪುಟಗಳ ಲೆಕ್ಕದಲ್ಲೇ ನೋಡಬೇಕು. ಹದಿನಾರು ಪುಟದ ಅಗ್ಗದ ಪುಸ್ತಕದಲ್ಲಿ ಶೀರ್ಷಿಕೆ, ಪ್ರಕಾಶಕರ ವಿವರ ಕಳೆದರೆ ಉಳಿಯುವುದು ಆರು ಜೋಡಿಪುಟ. ಕಾಟಕ್ಕೆ ಎರಡು, ಅಳುವಿಗೆ ಒಂದು, ಹಳ್ಳಕ್ಕೆ ಒಂದು, ಕ್ಷಮೆಗೆ ಒಂದು, ನೀತಿಗೆ ಒಂದು. ಮುಗಿಯಿತು! ಬರಹಗಾರರನ್ನು ದೂರಿ ಪ್ರಯೋಜನವಿಲ್ಲ. ಆರು ಜೋಡಿಪುಟದಲ್ಲಿ ಯಾರು ಬರೆದರೂ ಹೀಗೇ ಆಗುತ್ತದೆ. ಮೂವತ್ತೆರಡು ಪುಟವಿದ್ದರೆ ಹದಿನಾಲ್ಕು ಜೋಡಿಪುಟ ಸಿಗುತ್ತವೆ, ಮುದ್ರಣಕ್ಕೂ ಹದಿನಾರು ಪುಟದ ಎರಡು ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಿಚುವ ಪುಟಗಳು) ಸರಿಹೊಂದುತ್ತದೆ. ಮೊದಲೆರಡರಲ್ಲಿ ಆ ಮಗು ಯಾರು, ಅದಕ್ಕೇನು ಇಷ್ಟ. ಕಾಟ ಶುರುವಾಗುವ ಮೊದಲೇ ಓದುಗರಿಗೆ ಅದರ ಗೆಳೆತನವಾಗಬೇಕು, ಇಲ್ಲವಾದರೆ ಅದು ಬರೀ 'ಪಾಪ' ಎನಿಸಿಕೊಳ್ಳುವ ಗೊಂಬೆ. ಆಮೇಲಿನ ಮೂರರಲ್ಲಿ ಕಾಟ, ಮೂರು ದಿನ, ಮೂರು ಜಾಗ: ನಲ್ಲಿಯ ಹತ್ತಿರ, ಆಟದ ಬಯಲು, ಮನೆಗೆ ಹೋಗುವ ದಾರಿ. ಆರನೆಯದು ಮಾತಿಲ್ಲದೆ, ನೋಡುವವರ ಮುಖಗಳು ಮಾತ್ರ. ನಂತರದ ಎರಡರಲ್ಲಿ ನೋಡುವವನ ಒಳಗಿನ ಹೊಯ್ದಾಟ, 'ನಾನು ಹೋದರೆ ನನ್ನನ್ನೂ ಹಿಡ್ಕೋತಾರೆ' ಅನ್ನುವ ಭಯ. ಈ ಭಯ ನಿಜವಾದದ್ದು, ಅದನ್ನು ಹಾರಿಸಿ ಮುಂದೆ ಹೋಗುವ ಪುಸ್ತಕವನ್ನು ಮಕ್ಕಳು ನಂಬುವುದಿಲ್ಲ. ಒಂಬತ್ತರಲ್ಲಿ ಒಂದು ಸಣ್ಣ ಕೆಲಸ. ಹತ್ತರಲ್ಲಿ ಅದು ಅರ್ಧ ಫಲಿಸಿ ಅರ್ಧ ಕೆಡಬೇಕು. ಹನ್ನೊಂದರಲ್ಲಿ ದೊಡ್ಡವರಿಗೆ ಹೇಳುವುದು. ಹನ್ನೆರಡು, ಹದಿಮೂರರಲ್ಲಿ ದೊಡ್ಡವರು ಏನು ಮಾಡಿದರು. ಕೊನೆಯದರಲ್ಲಿ ಎಲ್ಲರೂ ಕೈಕೈ ಹಿಡಿದು ಕುಣಿಯಬೇಕಿಲ್ಲ; ಆ ಹುಡುಗಿ ನಿರಾಳವಾಗಿ ಉಂಡರೆ ಸಾಕು.

ಹನ್ನೊಂದನೆಯದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ನಮ್ಮ ಮಕ್ಕಳು ಮುಗ್ಗರಿಸುವುದೇ ಅಲ್ಲಿ. 'ಚಾಡಿ ಹೇಳಬಾರದು' ಅಂತ ನಾವೇ ಹೇಳಿಕೊಟ್ಟಿದ್ದೇವೆ. ಚಾಡಿಕೋರ ಅನ್ನಿಸಿಕೊಳ್ಳುವುದು ಡುಮ್ಮ ಅನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ಅವಮಾನ. ಹಾಗಾಗಿ ಪುಸ್ತಕ ಚಾಡಿಗೂ ದೂರಿಗೂ ಇರುವ ವ್ಯತ್ಯಾಸವನ್ನು ಕಥೆಯೊಳಗೇ ತೋರಿಸಬೇಕು. ಒಬ್ಬರನ್ನು ಸಿಕ್ಕಿಸಲಿಕ್ಕೆ ಹೇಳಿದರೆ ಚಾಡಿ, ಒಬ್ಬರನ್ನು ಬಿಡಿಸಲಿಕ್ಕೆ ಹೇಳಿದರೆ ದೂರು. ಎರಡನೇ ತರಗತಿಯ ಮಗುವಿಗೂ ಈ ಎರಡು ವಾಕ್ಯ ಅರ್ಥವಾಗುತ್ತವೆ. ಆದರೆ 'ಟೀಚರಿಗೆ ಹೇಳಿದಳು, ಎಲ್ಲ ಸರಿಹೋಯಿತು' ಎಂದು ಒಂದೇ ಸಾಲಿನಲ್ಲಿ ಮುಗಿಸಿದರೆ ಅದು ಸುಳ್ಳು. ಮೊದಲ ಸಲ ಹೇಳಿದಾಗ ಟೀಚರ್ ಹಾಜರಿ ಬರೆಯುತ್ತ 'ಹೋಗು, ಕೂತ್ಕೋ' ಅನ್ನಬಹುದು. ಅದೂ ಪುಸ್ತಕದಲ್ಲಿ ಬರಲಿ. ಎರಡನೇ ಸಲ, ಇನ್ನೊಬ್ಬರ ಹತ್ತಿರ, ಗೆಳತಿಯನ್ನು ಕರೆದುಕೊಂಡು ಹೋಗಿ ಹೇಳುವುದೂ ಬರಲಿ. ಅಡುಗೆಯವರು, ಅಂಗನವಾಡಿ ಅಕ್ಕ, ಗ್ರಂಥಾಲಯದ ಮೇಲ್ವಿಚಾರಕರು, ಕಡೆಗೆ ಮಕ್ಕಳ ಸಹಾಯವಾಣಿ 1098 ಹೀಗೆ ಹೇಳಿಕೊಳ್ಳಲಿಕ್ಕೆ ಜನ ಇದ್ದಾರೆ ಅನ್ನುವುದು ಹಿಂಬದಿಯ ರಕ್ಷಾಪುಟದಲ್ಲಾದರೂ ಇರಬೇಕು.

ಇನ್ನೊಂದು ಮಾತು, ತಮಗೆ ಇರಿಸುಮುರಿಸಾದರೂ. ಎಷ್ಟೋ ಅಡ್ಡಹೆಸರುಗಳು ಹುಟ್ಟುವುದು ಹಲಗೆಯ ಮುಂದೆ ನಿಂತವರ ಬಾಯಲ್ಲಿ. 'ಏ ಸೋಡಾಬುಡ್ಡಿ, ಮುಂದೆ ಬಾ' ಎಂದು ಮೇಷ್ಟ್ರು ಪ್ರೀತಿಯಿಂದಲೇ ಅಂದಿರಬಹುದು. ಮಕ್ಕಳು ಅದನ್ನು ಎತ್ತಿಕೊಂಡು ಏಳನೇ ತರಗತಿ ಮುಗಿಯುವವರೆಗೆ ಓಡಿಸುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಗುವಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ದೊಡ್ಡವರೇ ತಪ್ಪು ಮಾಡಿ ತಿದ್ದಿಕೊಳ್ಳುವ ಚಿತ್ರಪುಸ್ತಕ ಬಂದರೆ 'ಶಿಕ್ಷಕರಿಗೆ ಅಗೌರವ' ಎಂದು ಪಕ್ಕಕ್ಕೆ ಸರಿಸದೆ, ದಯವಿಟ್ಟು ಮೊದಲು ಅದನ್ನೇ ತೆಗೆದುಕೊಳ್ಳಿ.

ಪ್ರಾಣಿಪಾತ್ರಗಳ ಬಗ್ಗೆ ನಮ್ಮ ನಮ್ಮಲ್ಲೇ ಒಮ್ಮತವಿಲ್ಲ. ಟೊರಾಂಟೊದಲ್ಲಿ ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಹಂಚಿಕೊಳ್ಳುವುದರ ಕುರಿತ ಒಂದೇ ಕಥೆಯನ್ನು ಕೆಲವರಿಗೆ ಮನುಷ್ಯಪಾತ್ರ ಇಟ್ಟು, ಕೆಲವರಿಗೆ ಬಟ್ಟೆ ತೊಟ್ಟ ಪ್ರಾಣಿಗಳನ್ನು ಇಟ್ಟು ಓದಿ ಹೇಳಿ ನೋಡಿದರು. 2017ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಮನುಷ್ಯರ ಕಥೆ ಕೇಳಿದ ಮಕ್ಕಳೇ ಆಮೇಲೆ ತಮಗೆ ಕೊಟ್ಟ ಸ್ಟಿಕ್ಕರುಗಳನ್ನು ಹೆಚ್ಚು ಹಂಚಿಕೊಂಡವು. ನಡತೆ ಬದಲಾಗಬೇಕಾದರೆ ಪಾತ್ರ ತನ್ನಂಥದ್ದೇ ಅನ್ನಿಸಬೇಕು ಎಂದಾಯಿತು. ಹಾಗೆಂದು ಮೊಲ, ಇಲಿಗಳನ್ನು ಓಡಿಸಬೇಕಿಲ್ಲ. ತನ್ನ ಹೆಸರು ಹೇಳಿಕೊಳ್ಳಲು ಹೆದರುವ ಮಗು 'ಆ ಇಲಿಗೆ ಆದ ಹಾಗೆ' ಎಂದು ಶುರು ಮಾಡಬಲ್ಲದು. ಹತ್ತರಲ್ಲಿ ಏಳು ಮನುಷ್ಯರ ಪುಸ್ತಕ, ಮೂರು ಪ್ರಾಣಿಗಳದ್ದು ಇದ್ದರೆ ಸಾಕು ಎನ್ನುವುದು ನಮ್ಮ ಅಂದಾಜು.

ಭಾಷೆ, ಅಚ್ಚಿನ ವಿಷಯ ಸಣ್ಣದಾಗಿ ಕಾಣುತ್ತದೆ, ಆದರೆ ಪುಸ್ತಕ ಸೋಲುವುದು ಹೆಚ್ಚಾಗಿ ಇಲ್ಲೇ. ಸಂಭಾಷಣೆ ಗ್ರಾಂಥಿಕವಾಗಿದ್ದರೆ ಮಕ್ಕಳು ಆ ಮಾತನ್ನು ಬಯಲಿಗೆ ಕೊಂಡೊಯ್ಯುವುದಿಲ್ಲ. 'ನೀನು ಅವನನ್ನು ಪೀಡಿಸಬೇಡ' ಎಂದು ಯಾವ ಹುಡುಗ ಹೇಳುತ್ತಾನೆ? ಮೈಸೂರಿನ ಕಡೆ 'ಯಾಕ್ಲಾ ರೇಗಿಸ್ತೀಯ', ಧಾರವಾಡದ ಕಡೆ 'ಯಾಕ ಕಾಡಾಕತ್ತೀ ಅವಂಗ', ಮಂಗಳೂರಿನ ಕಡೆ 'ಎಂತ ಉಪದ್ರ ಕೊಡ್ತಿ ಮಾರಾಯ'. ನಿರೂಪಣೆ ಒಂದೇ ಇರಲಿ, ಮಾತಿನ ಗುಳ್ಳೆಗಳನ್ನು ಮಾತ್ರ ಪ್ರಾಂತ್ಯಕ್ಕೆ ತಕ್ಕಂತೆ ಬದಲಿಸಿ ಅಚ್ಚು ಹಾಕಿಸಬಹುದು. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಮುಕ್ತ ಪರವಾನಗಿಯ ಕನ್ನಡ ಕಥೆಗಳಿವೆ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಿ ಹೀಗೆ ಮಾರ್ಪಡಿಸಿಕೊಳ್ಳಲು ಅಲ್ಲಿ ಅಡ್ಡಿಯಿಲ್ಲ.

ಅಕ್ಷರ 20 ಪಾಯಿಂಟಿಗಿಂತ ಕಡಿಮೆ ಬೇಡ. ಸಾಲುಗಳ ನಡುವೆ ಧಾರಾಳ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಆಗತಾನೆ ಓದು ಕಲಿತ ಮಗು ಅಲ್ಲೇ ತಡವರಿಸುತ್ತದೆ. ಒಂದು, ಎರಡನೇ ತರಗತಿಗೆ ಇಡೀ ಪುಸ್ತಕದಲ್ಲಿ 250 ಪದ ಮೀರಬಾರದು. ಒಳಕಾಗದ 120 ಜಿಎಸ್‌ಎಂಗಿಂತ ತೆಳುವಾದರೆ ಹಿಂದಿನ ಪುಟದ ಚಿತ್ರ ಮುಂದೆ ಮೂಡಿ ಮುಖಭಾವಗಳೆಲ್ಲ ಕಲಸಿಹೋಗುತ್ತವೆ. ಇನ್ನು, ಆಯ್ಕೆಗೆ ಬಂದ ಪ್ರತಿಯನ್ನು ಪೂರ್ತಿ ಬಿಡಿಸಿ ನಡುವಿನ ಮಡಿಕೆ ನೋಡಿ. ನೋಡುತ್ತ ನಿಂತ ಮಗುವಿನ ಮುಖವನ್ನು ಚಿತ್ರಕಾರರು ಬರೆದಿರುತ್ತಾರೆ, ಬೈಂಡಿಂಗ್ ಅದನ್ನು ಪಿನ್ನಿನ ಸಂದಿಗೆ ನುಂಗಿರುತ್ತದೆ. ಅಲ್ಲಿಗೆ ಪುಸ್ತಕದ ಜೀವವೇ ಹೋದಂತೆ.

ಕಾಟವನ್ನು ತೋರಿಸುವುದರಲ್ಲೂ ಅಳತೆ ಬೇಕು. ಐದಾರು ಹೊಸ ಬೈಗುಳ, ತಮಾಷೆಯ ಅಡ್ಡಹೆಸರು ಇರುವ ಪುಸ್ತಕ ಓದಿದ ವಾರ ತರಗತಿಯಲ್ಲಿ ಓಡಾಡುವುದು ನೀತಿಯಲ್ಲ, ಆ ಹೆಸರುಗಳು. ಹೆಸರನ್ನು ಅಕ್ಷರದಲ್ಲಿ ಬರೆಯದೆ ಗುಳ್ಳೆಯೊಳಗೆ ಕರಿ ಗೀಚು ಹಾಕಿ, ಕೇಳಿದ ಮಗುವಿನ ಭುಜ ಕುಗ್ಗಿದ್ದನ್ನು ತೋರಿಸಿದರೆ ಸಾಕಾಗುತ್ತದೆ.

ಪುಸ್ತಕ ಕೊಟ್ಟರೆ ಸಾಲದು, ಜೊತೆಗೆ ಓದಿಸುವ ಬಗೆಯನ್ನು ಒಂದೇ ಒಂದು ಹಾಳೆಯಲ್ಲಿ ಕೊಡಬೇಕು. ಎ4 ಅಳತೆಯ ಪುಸ್ತಕದ ಚಿತ್ರ ಮೂರನೇ ಸಾಲಿನಾಚೆ ಕಾಣುವುದಿಲ್ಲ. ಆದ್ದರಿಂದ ಹತ್ತು ಹನ್ನೆರಡು ಮಕ್ಕಳನ್ನು ಅರ್ಧಚಂದ್ರಾಕಾರದಲ್ಲಿ ಕೂರಿಸಿ, ಪುಸ್ತಕವನ್ನು ಅವರ ಕಡೆ ತಿರುಗಿಸಿ ಹಿಡಿದು ಓದಬೇಕು. ಮೊದಲ ದಿನ ಪ್ರಶ್ನೆ ಕೇಳಬಾರದು, ಕಥೆ ಮುಗಿಸಿ ಪುಸ್ತಕವನ್ನು ಮಕ್ಕಳ ಕೈಗೆ ಬಿಟ್ಟುಬಿಡಬೇಕು. ಎರಡು ದಿನ ಬಿಟ್ಟು ಮತ್ತೆ ಓದಿ, 'ಈ ಚಿತ್ರದಲ್ಲಿ ಯಾರ್ಯಾರು ನೋಡ್ತಿದಾರೆ? ಇವನು ಏನು ಅಂದ್ಕೊಳ್ತಿದಾನೆ?' ಎಂದು ಕೇಳಬೇಕು. 'ನಿಮ್ಮಲ್ಲಿ ಯಾರಿಗೆ ಹೀಗಾಗಿದೆ, ಕೈ ಎತ್ತಿ' ಅಂತ ಮಾತ್ರ ಯಾವತ್ತೂ ಕೇಳಬಾರದು. ಎತ್ತಿದ ಕೈಯನ್ನು ಕಾಟ ಕೊಡುವವನೂ ನೋಡುತ್ತಿರುತ್ತಾನೆ. ತರಗತಿಯಲ್ಲಿ ಏನಾದರೂ ನಡೆದ ಮರುದಿನವೇ ಈ ಪುಸ್ತಕ ತೆಗೆದರೆ ಮೂವತ್ತು ಜೊತೆ ಕಣ್ಣು ಒಂದೇ ಮಗುವಿನ ಮೇಲೆ ತಿರುಗುತ್ತವೆ. ಜೂನ್‌ನಲ್ಲಿ, ಗುಂಪುಗಳು ಗಟ್ಟಿಯಾಗುವ ಮೊದಲೇ ಓದಿಬಿಡುವುದು ಲೇಸು. ಕಥೆಯನ್ನು ಆಡಿ ತೋರಿಸುವಾಗ ನಿಜಕ್ಕೂ ಕಾಟ ತಿನ್ನುತ್ತಿರುವ ಮಗುವಿಗೆ ಆ ಪಾತ್ರ ಕೊಡಬಾರದು. ಎಲ್ಲರಿಂದಲೂ ಹೇಳಿಸಿ ರೂಢಿ ಮಾಡಿಸಬೇಕಾದ್ದು ನೋಡುವವರ ಮಾತುಗಳನ್ನು: 'ಬಾರೋ, ನಮ್ ಜೊತೆ ಆಡು', 'ಸಾಕು ಬಿಡೋ', 'ನಡಿ, ಟೀಚರ್ ಹತ್ರ ಹೋಗೋಣ'. ಮಾತು ಬಾರದವರು ನಗದೆ ಇರುವುದನ್ನು, ಪಕ್ಕಕ್ಕೆ ಹೋಗಿ ನಿಲ್ಲುವುದನ್ನು ಅಭ್ಯಾಸ ಮಾಡಲಿ.

ಓದಿದ ಮೇಲೆ ಯಾವುದಾದರೂ ಮಗು ಬಂದು ಬಾಯಿ ಬಿಡಬಹುದು. ಪುಸ್ತಕ ಚೆನ್ನಾಗಿದ್ದರೆ ಬಿಟ್ಟೇ ಬಿಡುತ್ತದೆ. ಆಗ ಏನು ಮಾಡಬೇಕೆಂದು ಅದೇ ಹಾಳೆಯ ಹಿಂಬದಿಯಲ್ಲಿ ಇರಲಿ. ಪೂರ್ತಿ ಕೇಳಬೇಕು. 'ಯಾರಿಗೂ ಹೇಳಲ್ಲ' ಎಂದು ಮಾತು ಕೊಡಬಾರದು, ಹೇಳಬೇಕಾಗಿ ಬಂದೀತು. ಎಲ್ಲಿ, ಯಾವತ್ತು, ಯಾರು, ಯಾರು ನೋಡಿದರು ಎಂದು ದಿನಾಂಕ ಹಾಕಿ ಬರೆದಿಟ್ಟುಕೊಳ್ಳಬೇಕು. ಇಬ್ಬರನ್ನೂ ಬೇರೆ ಬೇರೆಯಾಗಿ ಮಾತಾಡಿಸಬೇಕು. ಆ ಜಾಗದಲ್ಲಿ, ಅದು ನಲ್ಲಿಯೋ ಶೌಚಾಲಯದ ಹಿಂಭಾಗವೋ, ಬಿಡುವಿನ ಹೊತ್ತಲ್ಲಿ ಒಬ್ಬರು ದೊಡ್ಡವರು ನಿಲ್ಲಬೇಕು. ಒಂದು ವಾರಕ್ಕೆ, ಮತ್ತೆ ಒಂದು ತಿಂಗಳಿಗೆ ಆ ಮಗುವನ್ನು ಕರೆದು ಕೇಳಬೇಕು. ಕಾಟ ಕೊಟ್ಟ ಮಗುವನ್ನು ಎಲ್ಲರೆದುರು ಮಂಡಿ ಹಾಕಿಸಿದರೆ, ಬಲ ಇದ್ದವರು ಇಲ್ಲದವರನ್ನು ಅವಮಾನಿಸಬಹುದು ಎಂಬ ಪಾಠವೇ ಮತ್ತೆ ಆದಂತಾಯಿತು.

ಹಣದ ಮಾತು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಕಥೆಪುಸ್ತಕಗಳಿರುವ ಗ್ರಂಥಾಲಯ ಬೇಕೆನ್ನುತ್ತದೆ. ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಲ್ಲಿ ಗ್ರಂಥಾಲಯಕ್ಕೆಂದು ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿವರೆಗೆ, ಒಂದರಿಂದ ಎಂಟನೇ ತರಗತಿ ಇರುವ ಶಾಲೆಗೆ 13,000 ರೂಪಾಯಿವರೆಗೆ ಅವಕಾಶವಿದೆ. ಒಂದು ಪುಸ್ತಕಕ್ಕೆ 60 ರೂಪಾಯಿ ಎಂದಿಟ್ಟುಕೊಳ್ಳಿ. ಆರು ಶೀರ್ಷಿಕೆ, ಒಂದೊಂದಕ್ಕೆ ನಾಲ್ಕು ಪ್ರತಿ, ಒಟ್ಟು 1,440 ರೂಪಾಯಿ. ಇಪ್ಪತ್ತನಾಲ್ಕು ಬೇರೆ ಬೇರೆ ಶೀರ್ಷಿಕೆ ಒಂದೊಂದೇ ಪ್ರತಿ ಕೊಳ್ಳುವುದಕ್ಕಿಂತ ಇದು ಮೇಲು. ಗುಂಪಿನಲ್ಲಿ ಓದಲಿಕ್ಕೆ, ಒಂದು ಪ್ರತಿ ಯಾರಿಗೂ ಹೇಳದೆ ಮನೆಗೆ ಒಯ್ಯಲಿಕ್ಕೆ ಆಗುತ್ತದೆ. 'ಹರಿದುಹೋದರೆ ಯಾರು ಜವಾಬ್ದಾರಿ' ಎಂದು ಬೀಗ ಹಾಕುವ ಕಪಾಟಿಗೆ ಮಾತ್ರ ಇವು ಹೋಗಬಾರದು. 2020ರ ನವೆಂಬರ್‌ನಲ್ಲಿ ಶುರುವಾದ 'ಓದುವ ಬೆಳಕು' ಅಭಿಯಾನದಲ್ಲಿ ಪಂಚಾಯಿತಿ ಗ್ರಂಥಾಲಯಗಳ ಸದಸ್ಯತ್ವ ಮಕ್ಕಳಿಗೆ ಉಚಿತವಾಗಿದೆ. ಶಾಲೆಯಲ್ಲಿ ಕೇಳಲು ಅಂಜುವ ಮಗು ಅಲ್ಲಿ ತಾನೇ ಕಪಾಟಿನಿಂದ ತೆಗೆದುಕೊಳ್ಳಬಹುದು.

ಆದ್ದರಿಂದ ತಮ್ಮಲ್ಲಿ ನಮ್ಮ ಕೋರಿಕೆ. ಅಂಕ ಕೊಡುವ ನಮೂನೆಯಲ್ಲಿ 'ನೀತಿ ಇದೆಯೇ' ಎಂಬ ಪ್ರಶ್ನೆ ಇದ್ದರೆ ಅದನ್ನು ತೆಗೆದು, 'ನೋಡುವ ಮಕ್ಕಳು ಕಥೆಯಲ್ಲಿ ಏನು ಮಾಡುತ್ತಾರೆ', 'ದೊಡ್ಡವರು ಏನು ಮಾಡುತ್ತಾರೆ' ಎಂಬ ಎರಡು ಪ್ರಶ್ನೆ ಹಾಕಿ. ಈ ವಿಷಯದ ಪುಸ್ತಕಗಳಿಗೆ ಪುಟಮಿತಿಯನ್ನು 32ಕ್ಕೆ ಏರಿಸಿ, ದರವನ್ನು ಅದಕ್ಕೆ ತಕ್ಕಂತೆ ಒಪ್ಪಿಕೊಳ್ಳಿ. ಅಂತಿಮ ಪಟ್ಟಿಗೆ ಮೊದಲು ಪ್ರತಿ ಪುಸ್ತಕವನ್ನೂ ಕನಿಷ್ಠ ಎರಡು ಶಾಲೆಗಳಲ್ಲಿ, ಒಂದು ಹಳ್ಳಿಯದು ಒಂದು ಪಟ್ಟಣದ್ದು, ಮಕ್ಕಳೆದುರು ಓದಿಸಿ ನೋಡಿ; ಮಕ್ಕಳು ಯಾವ ಪುಟದಲ್ಲಿ ಸುಮ್ಮನಾದರು, ಯಾವ ಪುಟದಲ್ಲಿ ಆಕಳಿಸಿದರು ಎಂದು ಬರೆದುಕೊಂಡು ಬರಲಿ. ತಿರಸ್ಕರಿಸಿದ ಪುಸ್ತಕಗಳಿಗೆ ಕಾರಣವನ್ನು ಒಂದು ಸಾಲಿನಲ್ಲಾದರೂ ಪ್ರಕಟಿಸಿ. ಬರೆಯುವವರು ತಿದ್ದಿಕೊಳ್ಳಲು ಬೇರೆ ದಾರಿಯಿಲ್ಲ.

ಶಾಲೆಗಳಲ್ಲಿನ ಹಿಂಸೆ ಮತ್ತು ಕಾಟದ ವಿರುದ್ಧ ಯುನೆಸ್ಕೊ ಗೊತ್ತುಮಾಡಿದ ದಿನ ನವೆಂಬರ್‌ನ ಮೊದಲ ಗುರುವಾರ. ಅದಾದ ಮೇಲೆ ಮಕ್ಕಳ ದಿನ, ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆಗಳು. ಪರಿಷ್ಕೃತ ನಮೂನೆಯನ್ನು ಅಷ್ಟರೊಳಗೆ ಹೊರಡಿಸಿದರೆ ಮುಂದಿನ ಜೂನ್‌ಗೆ ಪುಸ್ತಕಗಳು ಶಾಲೆ ತಲುಪಲು ಸಮಯ ಸಿಗುತ್ತದೆ. ಮೇಲೆ ಹೇಳಿದ ಹದಿನಾಲ್ಕು ಜೋಡಿಪುಟಗಳ ಮಾದರಿಯನ್ನು ಕೈಯಲ್ಲೇ ಬರೆದು, ಹೊಲಿದು, ತಮ್ಮ ಸಭೆಯ ಮುಂದಿಡಲು ನಾವು ಸಿದ್ಧ. ಸಭೆಯ ದಿನಾಂಕ ತಿಳಿಸಿದರೆ ಸಾಕು.

ಇಂತಿ ತಮ್ಮ ವಿಶ್ವಾಸಿಗಳು,
ಮಕ್ಕಳ ಪುಸ್ತಕ ಬರೆಯುವ, ಚಿತ್ರ ಬಿಡಿಸುವ, ತರಗತಿಗಳಲ್ಲಿ ಓದಿ ಹೇಳುವ ಕೆಲವರು